ಅವಳ ಹೆಸರಿನ ಮಟ್ಟು

ಆ ಹಿರಿಯರ ಪಿಟೀಲು ಯಾವಾಗಲೂ ಅರ್ಧ ಸ್ವರ ಕೆಳಗಿರುತ್ತಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಗೆ ಬಂದರೆ ನನಗೆ ಮೊದಲ ಕೆಲಸವೇ ಅದು: ಅವರು ಯಾವ ಶ್ರುತಿ ಅಂದುಕೊಂಡು ನುಡಿಸಿದ್ದಾರೆ ಎಂದು ಪತ್ತೆ ಮಾಡುವುದು. ಆಮೇಲೆ ವೇಗವನ್ನು ಅರ್ಧಕ್ಕೆ ಇಳಿಸಿ, ಬಾರ್ ಎಂಬ ತಾಳದ ಒಂದೊಂದು ತುಣುಕನ್ನೂ ಮತ್ತೆ ಮತ್ತೆ ಕೇಳಿ, ಯಾವ ಸ್ವರ ಬೇಕೆಂದೇ ಬಂದದ್ದು, ಯಾವುದು ಬೆರಳು ಜಾರಿ ಬಂದದ್ದು ಎಂದು ತೀರ್ಮಾನಿಸಿ ಬರೆದುಕೊಳ್ಳಬೇಕು. ಎರಡು ಸಲ ನುಡಿಸಿದರೆ ಎರಡೂ ಬೇರೆ. ಯಾವುದನ್ನು ಅಚ್ಚು ಮಾಡುವುದು ಎಂದು ಕೇಳಿದರೆ, "ಎರಡೂ ಒಂದೇ ತಾನೆ" ಅನ್ನುತ್ತಿದ್ದರು.

ಸಂಗೀತವನ್ನು ಅಚ್ಚಿಗೆ ಸಿದ್ಧಪಡಿಸುವುದು ನನ್ನ ಕಸುಬು. ವೆಸ್ಟ್ ಬ್ಲೂಮ್‌ಫೀಲ್ಡಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕೂತು, ಬೇರೆಯವರ ಸ್ವರಗಳನ್ನು ಪುಟದ ಮೇಲೆ ಸಾಲಾಗಿ ಕೂರಿಸುತ್ತೇನೆ. ಡೆಟ್ರಾಯ್ಟ್ ಸುತ್ತಮುತ್ತ ಸ್ಕಾಟಿಷ್ ಪಿಟೀಲು ನುಡಿಸುವವರದೊಂದು ಸಣ್ಣ ಸಂಘವಿದೆ. ನಾನೂ ಅದರಲ್ಲಿ ನುಡಿಸುತ್ತೇನೆ. ಸಂಘದ ಎಲ್ಲರಿಗಿಂತ ಹಿರಿಯರಾದ ಇವರು ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಇಲ್ಲಿನ ಕಾರು ಕಂಪನಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ವಿಕ್ಸಮ್‌ನಲ್ಲಿ, ಸಾಲು ವರ್ಕ್‌ಶಾಪುಗಳ ಹಿಂದಿನ ಸಣ್ಣ ಮನೆಯಲ್ಲಿ ಒಬ್ಬರೇ ಇದ್ದರು. ಅವರಿಗೆ ನೊಟೇಷನ್ ಓದಲು ಬರುವುದಿಲ್ಲ. ಆದರೆ ಮಟ್ಟು ಕಟ್ಟುತ್ತಾರೆ. ಕಟ್ಟಿದ್ದು ಎಲ್ಲವೂ ಅವರ ತಲೆಯಲ್ಲೇ ಇದೆ. ಅವರು ಇರುವಾಗಲೇ ಅದನ್ನು ಪುಸ್ತಕ ಮಾಡಬೇಕೆಂದು ಸಂಘ ನಿರ್ಧರಿಸಿತು; ಕೆಲಸ ನನಗೆ ಬಂತು.

ಆ ಸಂಪ್ರದಾಯದಲ್ಲಿ ಮಟ್ಟಿಗೆ ಯಾರಾದರೊಬ್ಬರ ಹೆಸರಿಡುವುದು ವಾಡಿಕೆ. ಹಿಂದೆ ಜಮೀನ್ದಾರರ ಹೆಸರು, ಅವರ ಹೆಂಡಂದಿರ ಹೆಸರು ಇಡುತ್ತಿದ್ದರಂತೆ. ಇವರು ಕಂಡಕಂಡವರಿಗೆಲ್ಲ ಕಟ್ಟಿದ್ದರು. ಸಂಘದ ಪಿಯಾನೋ ನುಡಿಸುವಾಕೆಗೆ ಒಂದು, ಮಂಡಿ ಆಪರೇಷನ್ ಮಾಡಿದ ಡಾಕ್ಟರಿಗೆ ಒಂದು, ಡ್ರೈವ್‌ವೇ ಹಿಮ ತೆಗೆದುಕೊಡುವ ಪಕ್ಕದ ಮನೆಯವನಿಗೆ ಒಂದು, ಆ ಪಕ್ಕದ ಮನೆಯವನ ನಾಯಿಗೆ ಒಂದು. ಎಷ್ಟೋ ಶನಿವಾರ ಅವರ ಅಡುಗೆಮನೆಯ ಟೇಬಲ್ಲಿನ ಮುಂದೆ ಕೂತು ಇವನ್ನೆಲ್ಲ ಬರೆದುಕೊಂಡವಳು ನಾನು. ನನ್ನ ಹೆಸರಿನದು ಒಂದೂ ಇರಲಿಲ್ಲ. ನಾಯಿಯ ರೀಲ್, ಅಂದರೆ ವೇಗದ ಕುಣಿತದ ಮಟ್ಟು, ಬರೆದುಕೊಂಡ ದಿನ ಮನೆಗೆ ಬಂದು ಗಂಡನಿಗೆ ಹೇಳಿ ನಕ್ಕಿದ್ದೆ. ಅವರು ನಗಲಿಲ್ಲ. ನನ್ನ ನಗುವಿನಲ್ಲಿ ಏನಿತ್ತು ಎಂದು ಅವರಿಗೆ ಗೊತ್ತಾಗಿರಬೇಕು.

ಅಷ್ಟರಲ್ಲಿ ಶಾಮ್‌ಬರ್ಗಿನ ಹುಡುಗಿ ಬಂದಳು.

ಹುಡುಗಿ ಎಂದರೆ ಮೂವತ್ತರ ಹತ್ತಿರದವಳು. ಇಲ್ಲೇ ಹುಟ್ಟಿದ್ದು, ತಂದೆತಾಯಿ ಬೆಂಗಳೂರಿನವರು. ಐಟಿ ಕನ್ಸಲ್ಟಂಟ್. ತಿಂಗಳಿಗೊಮ್ಮೆ ಸಂಘದ ಕೂಟಕ್ಕೆಂದು ಶಿಕಾಗೋ ಕಡೆಯಿಂದ ಐ-ತೊಂಬತ್ತನಾಲ್ಕು ಹೆದ್ದಾರಿಯಲ್ಲಿ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು. ಚೆನ್ನಾಗಿ ನುಡಿಸುತ್ತಿದ್ದಳು. ಅದನ್ನು ಹೇಳದೆ ಇರುವಂತಿಲ್ಲ. ಸ್ಟ್ರಾತ್‌ಸ್ಪೇ ಎಂಬ ಸ್ಕಾಟಿಷ್ ನಿಧಾನದ ಕುಣಿತದ ಮಟ್ಟಿನಲ್ಲಿ ಗಿಡ್ಡ ಸ್ವರ ಮುಂದೆ, ಉದ್ದ ಸ್ವರ ಹಿಂದೆ ಬರುವ ಒಂದು ಕೊಕ್ಕೆ ಇದೆ. ಕಮಾನನ್ನು ಚಿಟಿಕೆ ಹೊಡೆದ ಹಾಗೆ ತಿರುಗಿಸಬೇಕು. ನನಗೆ ಅದು ಕೂಡಿಬರಲು ವರ್ಷಗಳೇ ಹಿಡಿದಿದ್ದವು. ಅವಳ ಕೈಗೆ ಅದು ಮೊದಲೇ ಬಂದಿತ್ತು. ಅಲ್ಲಿಯವರೆಗೆ ಸಂಘದಲ್ಲಿ ಇದ್ದ ಒಬ್ಬಳೇ ಭಾರತೀಯಳು ನಾನು. ಜನ ನನ್ನನ್ನು ನೆನಪಿಟ್ಟುಕೊಳ್ಳುತ್ತಿದ್ದರು. ಅವಳು ಬಂದ ಎರಡನೆಯ ಕೂಟದಲ್ಲೇ ಒಬ್ಬರು ನನ್ನ ಹತ್ತಿರ ಬಂದು, "ನಿಮ್ಮ ಮಗಳು ಎಷ್ಟು ಚೆನ್ನಾಗಿ ನುಡಿಸುತ್ತಾಳೆ" ಎಂದರು.

ಒಂದು ಶನಿವಾರ ನಾನು ವಿಕ್ಸಮ್‌ಗೆ ಹೋದಾಗ ಅವಳ ಕಾರು ಆಗಲೇ ಅಲ್ಲಿತ್ತು. ಒಳಗೆ ಅವಳು ಟೀ ಮಾಡುತ್ತಿದ್ದಳು. ಯಾವ ಡ್ರಾಯರಿನಲ್ಲಿ ಚಮಚ ಇದೆ ಎಂದು ಅವಳಿಗೆ ಗೊತ್ತಿತ್ತು.

"ಕೂತ್ಕೋ," ಎಂದರು ಹಿರಿಯರು ನನಗೆ. "ಹೊಸದೊಂದಿದೆ. ಬರೆದುಕೋ. ಇವಳಿಗೆ."

ಅವರು ಪಿಟೀಲು ಎತ್ತಿ ಶ್ರುತಿ ನೋಡಿದಾಗಲೇ ಅದರ ಗುರುತು ಹಿಡಿದೆ. ಅವರು ಕೆಳಗಿನ ಎರಡು ತಂತಿಗಳನ್ನು ಒಂದೊಂದು ಸ್ವರ ಏರಿಸಿದ್ದರು. ಅದು ಸ-ಪ-ಸ-ಪ, ನಾನು ಮೈಸೂರಿನಲ್ಲಿ ಚಿಕ್ಕಂದಿನಲ್ಲಿ ಕಲಿತ ಪಿಟೀಲಿನ ಶ್ರುತಿ. ಹಿಂದಿನ ಚಳಿಗಾಲದಲ್ಲಿ ನಾನೇ ಅವರ ಪಿಟೀಲಿನ ಬಿರಟೆ ತಿರುಗಿಸಿ ಅದನ್ನು ತೋರಿಸಿದ್ದೆ. "ನಮ್ಮ ಕಡೆ ಮುದುಕರೂ ಹೀಗೆ ಏರಿಸುತ್ತಿದ್ದರು, ಮರೆತೇ ಹೋಗಿತ್ತು" ಎಂದು ಅವರು ಮಗುವಿನ ಹಾಗೆ ಖುಷಿಪಟ್ಟಿದ್ದರು. ಈಗ ಆ ಶ್ರುತಿಯಲ್ಲೊಂದು ಸ್ಟ್ರಾತ್‌ಸ್ಪೇ ಕಟ್ಟಿ, ಅದನ್ನು ಅವಳಿಗೆ ಕೊಡುತ್ತಿದ್ದರು.

ಮಟ್ಟು ಚೆನ್ನಾಗಿತ್ತು. ಎರಡನೆಯ ಭಾಗದಲ್ಲಿ ಅದು ಮೇಲಿನ ತಂತಿಗೆ ಹೋಗಿ ಒಂದು ಕ್ಷಣ ನಿಂತು, ಒಮ್ಮೆಲೆ ಕೆಳಗೆ ಬೀಳುತ್ತಿತ್ತು. ಕೆಳಗಿನ ತಂತಿಗಳು ತಾವಾಗಿಯೇ ಝೇಂಕರಿಸುತ್ತಿದ್ದವು.

"ಓ ಮೈ ಗಾಡ್," ಎಂದು ಹುಡುಗಿ ಬಾಯಿ ಮುಚ್ಚಿಕೊಂಡಳು. ನನ್ನ ಕಡೆ ತಿರುಗಿ, "ಆಂಟಿ, ಕೇಳಿದ್ರಾ? ಇಟ್ಸ್ ಫಾರ್ ಮೀ!"

"ಕೇಳಿದೆ ಕಣಮ್ಮ. ಬರ್ಕೋತಾ ಇದೀನಲ್ಲ," ಎಂದೆ.

ಆ ವಾರ ಆ ಮಟ್ಟನ್ನು ಬರೆಯಲು ನನಗೆ ಹಿಡಿದ ಹೊತ್ತು ಬೇರಾವುದಕ್ಕೂ ಹಿಡಿದಿರಲಿಲ್ಲ. ಗಂಡ ಮೆಟ್ಟಿಲ ಮೇಲಿಂದಲೇ ಕೇಳಿದರು, "ಅದನ್ನೇ ಎಷ್ಟು ಸಲ ಕೇಳ್ತೀಯ? ಬೇರೆ ಯಾವುದೂ ಇಲ್ವಾ?"

"ಕಮಾನು ಎಲ್ಲಿ ತಿರುಗುತ್ತೆ ಗೊತ್ತಾಗ್ತಿಲ್ಲ ರೀ."

"ಗೊತ್ತಾಗ್ತಿಲ್ವೋ, ಇಷ್ಟ ಆಗ್ತಿಲ್ವೋ?"

ರೆಕಾರ್ಡಿಂಗನ್ನು ಮತ್ತೆ ಮೊದಲಿಂದ ಹಾಕಿದೆ. ನಾನು ಹುಡುಕುತ್ತಿದ್ದೆ. ಏನು ಹುಡುಕುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ, ಅಷ್ಟೆ. ನನ್ನ ಪಿಟೀಲನ್ನೂ ಆ ಶ್ರುತಿಗೆ ತಂದು, ಕೊಕ್ಕೆಗಳನ್ನೆಲ್ಲ ತೆಗೆದು, ಸ್ವರಗಳನ್ನು ಸಮನಾಗಿ, ವೇಗವಾಗಿ ನುಡಿಸಿ ನೋಡಿದೆ. ಮೂರನೆಯ ಬಾರಿನಲ್ಲಿ ಬೆರಳುಗಳು ನನ್ನನ್ನು ಕೇಳದೆ ಮುಂದಕ್ಕೆ ಹೋದವು. ಅದು ಅವಕ್ಕೆ ಗೊತ್ತಿದ್ದ ದಾರಿ. ಒಂದು ಹಳೆಯ ರೀಲ್. ಬಹಳ ಹಿಂದೆ ಒಬ್ಬ ನೃತ್ಯದ ಮೇಷ್ಟರು ತಮ್ಮ ಸಂಗ್ರಹದಲ್ಲಿ ಅಚ್ಚು ಹಾಕಿಸಿದ್ದು. ಅದರ ಪ್ರತಿ ನನ್ನ ಕಂಪ್ಯೂಟರಿನಲ್ಲೇ ಇತ್ತು. ತೆಗೆದು ಪಕ್ಕ ಪಕ್ಕ ಇಟ್ಟೆ. ಶ್ರುತಿ ಬೇರೆ, ನಡೆ ಬೇರೆ. ಆದರೆ ಮೊದಲ ಭಾಗದ ಬಹುಪಾಲು ಅದೇ.

ಆಗ ನನಗಾದದ್ದು ಸಂತೋಷ. ಬೇರೆ ಹೆಸರು ಕೊಡಲು ಬರುವುದಿಲ್ಲ. ಮೇಲೆ ಹೋಗಿ ಕಾಫಿ ಬೆರೆಸಿಕೊಂಡು, ಎರಡು ಲೋಟ ಕುಡಿದೆ.

ಸಂಘದ ಅಧ್ಯಕ್ಷೆಗೆ ಫೋನ್ ಮಾಡಿದೆ. ಸ್ಕೂಲಿನಲ್ಲಿ ಮ್ಯೂಸಿಕ್ ಟೀಚರ್ ಆಗಿದ್ದ ಆಕೆ ಗಟ್ಟಿ ಹೆಂಗಸು. ಹಳೆಯ ಕಾಲದ ಮಟ್ಟುಗಾರರೂ ಒಬ್ಬರದನ್ನೊಬ್ಬರು ಎತ್ತಿಕೊಂಡು ಹೆಸರು ಬದಲಾಯಿಸಿ ಅಚ್ಚು ಹಾಕಿಸಿದ್ದುಂಟು, ಅದಕ್ಕೆ ಜಗಳಗಳೂ ಆಗಿದ್ದವು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಆಕೆ ಹೇಳಿದ್ದಿಷ್ಟು: "ಈ ವಯಸ್ಸಿನಲ್ಲಿ ಅವರಿಗೆ ಕದ್ದವರು ಅನ್ನುವ ಮಾತು ಬರಬಾರದು. ಆ ಮಟ್ಟು ಬಿಟ್ಟುಬಿಡೋಣ. ಹುಡುಗಿಗೆ ನೀನೇ ಮೊದಲು ಹೇಳು. ನೀವಿಬ್ಬರೂ ಒಂದೇ ಕಡೆಯವರಲ್ಲವೇ."

ಮುಂದಿನ ವಾರಾಂತ್ಯ ಗಂಡನ ಅಕ್ಕನ ಮನೆಗೆಂದು ಶಿಕಾಗೋ ಕಡೆಗೆ ಹೋಗುವುದಿತ್ತು. ಶಾಮ್‌ಬರ್ಗಿನಲ್ಲಿ, ದೊಡ್ಡ ಮಾಲಿನ ಹತ್ತಿರದ ಅವಳ ಅಪಾರ್ಟ್‌ಮೆಂಟಿಗೆ ಹೋದೆ. ಅವಳು ಅವಲಕ್ಕಿ ಒಗ್ಗರಣೆ ಹಾಕಿಟ್ಟಿದ್ದಳು. ಅಮ್ಮನಿಗೆ ಫೋನ್ ಮಾಡಿ ಕೇಳಿ ಮಾಡಿದ್ದಂತೆ. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಅದೂ ನನಗೆ ಹಿತವಾಯಿತು.

ಎರಡು ಹಾಳೆಗಳನ್ನೂ ಟೇಬಲ್ಲಿನ ಮೇಲಿಟ್ಟು ತೋರಿಸಿದೆ. ಹಳೆಯ ರೀಲಿನಿಂದ ಬಂದ ಬಾರುಗಳಿಗೆ ಕೆಂಪು, ಅವರದೇ ಆದವಕ್ಕೆ ಹಸಿರು ಬಳಿದಿದ್ದೆ. ಅವಳು ಪಿಟೀಲು ತಂದು ಎರಡನ್ನೂ ನುಡಿಸಿದಳು. ಮುಖ ಸಣ್ಣದಾಯಿತು.

"ಹೌದು," ಎಂದಳು. "ಸೇಮ್ ಇದೆ."

"ಪುಸ್ತಕದಲ್ಲಿ ಹಾಕೋದು ಬೇಡ ಅಂತ ಅಧ್ಯಕ್ಷರು ಹೇಳ್ತಿದಾರೆ. ಅವರ ಹೆಸರಿಗೆ ತೊಂದ್ರೆ ಆಗಬಾರ್ದಲ್ವಾ."

ಅವಳು ಕೆಂಪು ಬಾರುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು, "ಆಂಟಿ, ಬೇರೆ ಟ್ಯೂನ್ಸ್ ಎಲ್ಲಾನೂ ಹಿಂಗೇ ಚೆಕ್ ಮಾಡಿದೀರಾ?"

"ಅಂದ್ರೆ?"

"ಡಾಕ್ಟರ್ ಟ್ಯೂನು, ನಾಯಿ ಟ್ಯೂನು. ಕೆಂಪು, ಹಸಿರು ಎಲ್ಲಾ ಹಾಕಿ."

ನಾನು ಮಾಡಿರಲಿಲ್ಲ. ತಟ್ಟೆಯ ಅವಲಕ್ಕಿಯನ್ನು ಚಮಚದಲ್ಲಿ ಒಂದು ಕಡೆ ಸರಿಸಿದೆ. ಅವಳಿಗೆ ನನ್ನ ಮುಖದಲ್ಲೇ ಉತ್ತರ ಸಿಕ್ಕಿರಬೇಕು.

"ಓಕೆ," ಎಂದಳು ಮೆಲ್ಲಗೆ. "ಐ ಜಸ್ಟ್ ವಾಂಟೆಡ್ ಟು ನೋ." ಆಮೇಲೆ ನನ್ನ ತಟ್ಟೆ ನೋಡಿ, "ಇನ್ನೊಂಚೂರು ಹಾಕ್ಲಾ ಆಂಟಿ?"

ವಾಪಸ್ ಬರುವಾಗ ಗಂಡ ಡ್ರೈವ್ ಮಾಡುತ್ತಿದ್ದರು. ಇಂಡಿಯಾನಾ ದಾಟಿ ಮಿಶಿಗನ್ ಬರುವವರೆಗೂ ಅವಳ ಪ್ರಶ್ನೆಯನ್ನೇ ತಿರುವಿಹಾಕುತ್ತಿದ್ದೆ. ಅವಳು ಕೂಗಾಡಿದ್ದರೆ ಸುಲಭವಿತ್ತು. ಅವಳ ಮೇಲಿನ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ; ಅಷ್ಟು ಚೆನ್ನಾಗಿ ನಡೆದುಕೊಂಡಳಲ್ಲ ಎಂದು ಇನ್ನಷ್ಟು ಹೆಚ್ಚಿತು. ಆದರೆ ಅವಳು ಕೇಳಿದ್ದು ನನ್ನ ಕೆಲಸದ ಬಗ್ಗೆ. ಒಂದು ಮಟ್ಟಿಗೆ ಒಂದು ತಕ್ಕಡಿ, ಉಳಿದವಕ್ಕೆ ಇನ್ನೊಂದು ಎಂದರೆ ಅದು ಕೆಲಸವಲ್ಲ.

"ಎಲ್ಲಾನೂ ಮೊದಲಿಂದ ನೋಡ್ತೀನಿ," ಎಂದೆ.

"ಯಾವುದನ್ನ?"

"ಪುಸ್ತಕ ಪೂರ್ತಿ."

ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ಏನಾದ್ರೂ ಸಿಕ್ಕಿದ್ರೆ?" ಎಂದರು.

ಸಿಕ್ಕಿತು. ಬೇರೆ ಕೆಲಸಗಳನ್ನು ಮುಂದಕ್ಕೆ ಹಾಕಿ, ಒಂದೊಂದು ಮಟ್ಟನ್ನೂ ಕೊಕ್ಕೆ ತೆಗೆದು, ವೇಗ ಬದಲಿಸಿ, ಶ್ರುತಿ ಬದಲಿಸಿ ನುಡಿಸಿ ನೋಡಿದೆ. ಸಂಶಯ ಬಂದದ್ದನ್ನು ಹಳೆಯ ಸಂಗ್ರಹಗಳ ಜೊತೆ ಇಟ್ಟು ಹೋಲಿಸಿದೆ. ಬಹಳಷ್ಟು ಪೂರ್ತಿ ಅವರವೇ ಇದ್ದವು. ನಾಯಿಯ ರೀಲಿನಲ್ಲಂತೂ ಒಂದು ಸ್ವರವೂ ಬೇರೆಯವರದಲ್ಲ. ಡಾಕ್ಟರ ಮಟ್ಟಿನ ಎರಡನೆಯ ಭಾಗ ಜಿಗ್ ಎಂಬ ಕುಣಿತದ ಒಂದು ಹಳೆಯ ಮಟ್ಟಿನಿಂದ ಬಂದಿತ್ತು. ಹೀಗೆ ಕೆಲವು. ಕೊನೆಗೆ ಉಳಿದದ್ದು ಅವರ ಹೆಂಡತಿಯ ಹೆಸರಿನ ನಿಧಾನದ ಮಟ್ಟು. ಅವರ ಮಟ್ಟುಗಳಲ್ಲೆಲ್ಲ ಜನಕ್ಕೆ ಹೆಚ್ಚು ಬೇಕಾದದ್ದು ಅದೇ; ಸಂಘದವರು ಎಷ್ಟೋ ಮದುವೆಗಳಲ್ಲಿ, ಸಾವಿನ ಮನೆಗಳಲ್ಲಿ ನುಡಿಸಿದ್ದಾರೆ. ಅದನ್ನು ನೋಡದೆ ಬಿಡಬಹುದಿತ್ತು. ನೋಡಿದೆ. ಹಳೆಯ ಪುಸ್ತಕವೊಂದರಲ್ಲಿ, ಕಟ್ಟಿದವರ ಹೆಸರಿಲ್ಲದ ಒಂದು ಮಟ್ಟು ಸಿಕ್ಕಿತು. ಎತ್ತುಗಡೆಯಿಂದ ಹಿಡಿದು ಅರ್ಧಕ್ಕಿಂತ ಹೆಚ್ಚು ಕೆಂಪಾಯಿತು.

ಈ ಸಲ ಕಾಫಿ ನೆನಪಾಗಲಿಲ್ಲ.

ಅಧ್ಯಕ್ಷೆಗೆ ಹೇಳುವ ಮೊದಲು ಹಿರಿಯರ ಹತ್ತಿರವೇ ಹೋದೆ. ಹಾಳೆ ತೋರಿಸಿ ಪ್ರಯೋಜನವಿರಲಿಲ್ಲ. ಅವರಿಗೆ ಓದಲು ಬರುವುದಿಲ್ಲವಲ್ಲ. ಹಳೆಯ ಮಟ್ಟನ್ನು ಅಚ್ಚಿನಲ್ಲಿದ್ದಂತೆಯೇ ಅವರ ಪಿಟೀಲಿನಲ್ಲಿ ನುಡಿಸಿದೆ. ಅವರು ಕಿವಿಯ ಮಿಷಿನ್ ಸರಿಮಾಡಿಕೊಂಡು, "ಇನ್ನೊಂದು ಸಲ" ಎಂದರು. ಇನ್ನೊಂದು ಸಲ ನುಡಿಸಿದೆ.

"ನನ್ನ ಚಿಕ್ಕಪ್ಪ," ಎಂದರು. "ಟ್ರ್ಯಾಕ್ಟರ್ ಕೆಳಗೆ ಮಲಗಿ ರಿಪೇರಿ ಮಾಡುವಾಗ ಇದನ್ನು ಶಿಳ್ಳೆ ಹಾಕುತ್ತಿದ್ದ. ನನಗೆ ಈಗ ನೆನಪಾಗುತ್ತಿದೆ." ಆಮೇಲೆ, "ನಾನೇ ಕಟ್ಟಿದ್ದು ಅಂದುಕೊಂಡಿದ್ದೆ. ಹೆಂಡತಿಗೂ ಹಾಗೇ ಹೇಳಿದ್ದೆ," ಎಂದರು.

ನಾನು ತಯಾರಿಸಿಕೊಂಡು ಹೋದ ಮಾತುಗಳಿದ್ದವು: ಇದು ಕಳ್ಳತನವಲ್ಲ, ಈ ಸಂಪ್ರದಾಯವೇ ಹೀಗೆ, ಮಟ್ಟಿನಿಂದಲೇ ಮಟ್ಟು ಹುಟ್ಟುವುದು, ಪ್ರತಿಯೊಂದರ ಕೆಳಗೂ ಯಾವ ಭಾಗ ಎಲ್ಲಿಯದೆಂದು ಎರಡು ಸಾಲು ಬರೆದು ಎಲ್ಲವನ್ನೂ ಅಚ್ಚು ಮಾಡೋಣ. ಎಲ್ಲ ಹೇಳಿದೆ. ಅವರು ಕೇಳುತ್ತಿರಲಿಲ್ಲ. ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದರು.

"ಪುಸ್ತಕ ಬೇಡ," ಎಂದರು. "ನಿಲ್ಲಿಸಿಬಿಡು."

ಮುಂದಿನ ಶನಿವಾರ ಹೋದರೆ ಬಾಗಿಲಲ್ಲೇ ನಿಂತು, ಮೈ ಸರಿಯಿಲ್ಲ ಎಂದರು. ಅದರ ಮುಂದಿನ ಶನಿವಾರ ಫೋನ್ ಎತ್ತಲಿಲ್ಲ. ಅಧ್ಯಕ್ಷೆ ನನ್ನನ್ನು ಬೈಯಲಿಲ್ಲ. "ನಾನು ಒಂದನ್ನು ಬಿಡು ಅಂದೆ, ನೀನು ಎಲ್ಲ ಬಿಡಿಸಿದೆ" ಎಂದಳು, ಅಷ್ಟೆ. ಬೇಸ್‌ಮೆಂಟಿನಲ್ಲಿ ಕೆಂಪು ಹಸಿರು ಹಾಳೆಗಳ ರಾಶಿ ಹಾಗೇ ಬಿದ್ದಿತ್ತು. ಕೊನೆಗೆ ಅವೆಲ್ಲವನ್ನೂ ಸ್ಕ್ಯಾನ್ ಮಾಡಿ ಶಾಮ್‌ಬರ್ಗಿಗೆ ಕಳಿಸಿದೆ. "ನೀನು ಕೇಳಿದ್ದೆಯಲ್ಲ, ಈಗ ಎಲ್ಲವನ್ನೂ ಚೆಕ್ ಮಾಡಿದೆ" ಎಂದು ಬರೆದೆ. ಸಹಾಯ ಕೇಳಲಿಲ್ಲ. ಅವಳ ಹತ್ತಿರ ಕೇಳಲು ಮನಸ್ಸು ಬರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವಳದೇ ಫೋನ್ ಬಂತು. "ಆಂಟಿ, ನಾನು ವಿಕ್ಸಮ್‌ನಲ್ಲಿದೀನಿ. ಹೀ ಸೆಡ್ ಯೆಸ್. ಒಪ್ಕೊಂಡ್ರು."

"ಏನು ಮಾಡ್ದೆ?"

"ನೀವು ಹಸಿರು ಹಾಕಿದ್ರಲ್ಲ, ಅದಷ್ಟೇ ನುಡಿಸ್ದೆ. ಅವರ ವೈಫ್ ಟ್ಯೂನ್. ರೆಡ್ ಬಂದಾಗೆಲ್ಲ ಸುಮ್ನೆ ನಿಂತ್ಕೊಂಡೆ. ಅಷ್ಟೂ ಬೀಟ್ಸ್ ಕೌಂಟ್ ಮಾಡ್ಕೊಂಡು. ಫಸ್ಟ್ ಅವರಿಗೆ ಸಿಟ್ಟು ಬಂತು. ಆಮೇಲೆ ತಡಕೊಳ್ಳಕ್ಕಾಗಲಿಲ್ಲ ಆಂಟಿ, ಅವರೇ ಫಿಡಲ್ ತಗೊಂಡು ಆ ಗ್ಯಾಪ್ಸ್ ಎಲ್ಲಾ ಫಿಲ್ ಮಾಡಿದ್ರು. ನಾನು ಗ್ರೀನು, ಅವರು ರೆಡ್ಡು. ನಗ್ತಾ ಇದ್ರು. ಸ್ವಲ್ಪ ಅಳ್ತಾನೂ ಇದ್ರು."

"ಏನಂದ್ರು?"

"ಎರಡರಲ್ಲಿ ಯಾವುದು ಬಿಟ್ರೂ ಟ್ಯೂನ್ ನಿಲ್ಲಲ್ಲ ಅಂದ್ರು. ನೀವು ಹೇಳಿದ್ ತರಾನೇ ಪ್ರಿಂಟ್ ಮಾಡಿ ಅಂತೆ. ಚಿಕ್ಕಪ್ಪನ ಹೆಸರೂ ಹಾಕ್ಬೇಕಂತೆ."

"ಒಳ್ಳೇದಾಯ್ತು ಕಣೆ," ಎಂದೆ. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತೇ ಇದ್ದೆ. ವಾರಗಟ್ಟಲೆ ಕೂತು ಬಣ್ಣ ಬಳಿದದ್ದು ನಾನು; ಅದನ್ನು ಹಿಡಿದುಕೊಂಡು ಅವರನ್ನು ನಗಿಸಿದ್ದು ಅವಳು. ನಾನು ಆ ಮನೆಯಲ್ಲಿ ಅಷ್ಟು ಶನಿವಾರ ಕೂತಿದ್ದೆ, ಅವರ ಜೊತೆ ಒಂದು ಬಾರನ್ನೂ ನುಡಿಸಿರಲಿಲ್ಲ. ನನ್ನ ಕೈಯಲ್ಲಿ ಯಾವಾಗಲೂ ಪೆನ್ಸಿಲ್ ಇರುತ್ತಿತ್ತು.

ಪುಸ್ತಕ ಬಂತು. ಪ್ರತಿ ಮಟ್ಟಿನ ಕೆಳಗೂ ಸಣ್ಣ ಅಕ್ಷರದಲ್ಲಿ ಎರಡು ಸಾಲು, ಯಾವುದು ಎಲ್ಲಿಂದ ಬಂತು, ಯಾವುದು ಅವರದು. ಬೇರೆ ಊರಿನ ಪಿಟೀಲುಗಾರರು ಆ ಸಾಲುಗಳನ್ನು ಮೆಚ್ಚಿ ಸಂಘಕ್ಕೆ ಬರೆದರು. ಬಿಡುಗಡೆಗೆ ಒಂದು ಚರ್ಚಿನ ಹಾಲ್‌ನಲ್ಲಿ ಜನ ಸೇರಿದ್ದರು. ಹುಡುಗಿ ತನ್ನ ಸ್ಟ್ರಾತ್‌ಸ್ಪೇ ನುಡಿಸಿದಳು, ಮೊದಲು ಹಳೆಯ ರೀಲ್, ಅದರಿಂದಲೇ ಜಾರಿ ತನ್ನ ಮಟ್ಟಿಗೆ. ನಾನು ಪಕ್ಕದಲ್ಲಿ ಕೂತು ಕೆಳಗಿನ ತಂತಿಗಳಲ್ಲಿ ಶ್ರುತಿ ಹಿಡಿದೆ. ಅವಳು ಚೆನ್ನಾಗಿ ನುಡಿಸಲಿ ಎಂದೂ, ಎಲ್ಲಾದರೂ ಒಂದು ಕಡೆ ಎಡವಲಿ ಎಂದೂ ಒಟ್ಟೊಟ್ಟಿಗೆ ಅನ್ನಿಸುತ್ತಿತ್ತು. ಎಡವಲಿಲ್ಲ.

ಆಮೇಲಿನ ಶನಿವಾರ ಅಭ್ಯಾಸಬಲದಿಂದ ವಿಕ್ಸಮ್‌ಗೆ ಹೋದೆ. ಬರೆದುಕೊಳ್ಳುವುದೇನೂ ಇರಲಿಲ್ಲ. ಪಿಟೀಲು ಒಯ್ದಿದ್ದೆ. ಇಬ್ಬರೂ ಸ್ವಲ್ಪ ಹೊತ್ತು ನುಡಿಸಿ, ಟೀ ಕುಡಿಯುವಾಗ ಕೇಳಿಯೇಬಿಟ್ಟೆ.

"ನಾಯಿಗೂ ಕಟ್ಟಿದಿರಿ. ನನಗೇಕೆ ಕಟ್ಟಲಿಲ್ಲ?"

ಅವರು ಕಪ್ಪು ಕೆಳಗಿಟ್ಟರು. "ಎಷ್ಟು ಸಲ ಶುರು ಮಾಡಿದೆ ಗೊತ್ತಾ? ನೀನು ಎದುರಿಗೆ ಪೆನ್ಸಿಲ್ ಹಿಡಿದು ಕೂತಿರುತ್ತೀಯ. ಇದು ಎಲ್ಲಿಯದು ಎಂದು ನಿನಗೆ ಗೊತ್ತಾಗಿಬಿಡುತ್ತೆ ಅನ್ನಿಸುತ್ತಿತ್ತು. ನಾಯಿಗೆ ಗೊತ್ತಾಗಲ್ಲವಲ್ಲ."

ನಗು ಬಂತು. ಅವರಿಗೂ ಬಂತು. ಆಮೇಲೆ ಅವರು ಪಿಟೀಲು ಎತ್ತಿಕೊಂಡು, ನನ್ನ ಮುಖ ನೋಡದೆ, ಏನನ್ನೋ ನುಡಿಸತೊಡಗಿದರು. ನಿಧಾನದ್ದು, ನಾನು ಕೇಳಿರದದ್ದು. ನಾಲ್ಕನೆಯ ಬಾರಿನಲ್ಲಿ ನನಗೆ ತಿಳಿಯಿತು, ಅದು ಯಾವ ಹಳೆಯ ಮಟ್ಟಿನಿಂದ ಬರುತ್ತಿದೆ ಎಂದು. ಅವರು ಕಮಾನು ನಿಲ್ಲಿಸಿ ಹುಬ್ಬೇರಿಸಿದರು.

"ಮುಂದೆ?" ಎಂದೆ.

"ಮುಂದಿನದು ಇನ್ನೂ ಬಂದಿಲ್ಲ. ಇಷ್ಟನ್ನಾದರೂ ರೆಕಾರ್ಡ್ ಮಾಡಿಕೋ, ಮರೆತುಹೋಗುತ್ತೆ."

ಅವರು ಇನ್ನೊಮ್ಮೆ ನುಡಿಸಿದರು; ನಾನು ರೆಕಾರ್ಡ್ ಮಾಡಿಕೊಂಡೆ. ಯಾರಿಗೆಂದು ಅವರು ಹೇಳಲಿಲ್ಲ. ಶಾಮ್‌ಬರ್ಗಿನ ಹುಡುಗಿಗೆ ಮದುವೆ ಗೊತ್ತಾಗಿತ್ತು, ಆ ವಿಷಯ ಅವರಿಗೂ ತಿಳಿದಿತ್ತು. ಕೇಳುವ ಧೈರ್ಯ ನನಗಾಗಲಿಲ್ಲ. ಕಾರಿನಲ್ಲಿ ಕೂತು ಫೋನ್ ತೆಗೆದು, ಆ ರೆಕಾರ್ಡಿಂಗಿಗೆ ನನ್ನ ಹೆಸರನ್ನೇ ಟೈಪ್ ಮಾಡಿ ಸೇವ್ ಮಾಡಿದೆ. ಅವರು ಬೇರೆ ಹೆಸರು ಹೇಳಿದರೆ ಆಗ ಬದಲಾಯಿಸಿದರಾಯಿತು.